ಬ್ರೆಡ್ಡಿನ ಹೊಟ್ಟೆಯೊಳಗೆ ಕಾಯಿ-ಬೆಲ್ಲ

ಮನೆಗೆ ಬ್ರೆಡ್ ಪ್ಯಾಕೆಟ್ ಬಂತೆಂದರೆ "ಯಾರಿಗೆ ಹುಷಾರಿಲ್ಲ?" ಎಂದು ಕೇಳುವ ಅಜ್ಜಿಯಂದಿರು ಭಟ್ಕಳ, ಹೊನ್ನಾವರ, ಕುಮಟಾ ಕಡೆ ಈಗಲೂ ಇದ್ದಾರೆ. ಅವರ ಲೆಕ್ಕದಲ್ಲಿ ದೋಸೆ, ಕಡುಬು, ಗಂಜಿ ಇವೆಲ್ಲ ಮನೆಯ ತಿಂಡಿ. ಬ್ರೆಡ್ ಏನಿದ್ದರೂ ಜ್ವರ ಬಂದವರಿಗೆ ಬಿಸಿ ಹಾಲಿನಲ್ಲಿ ಅದ್ದಿ ಕೊಡುವ ಪಥ್ಯ. ಅಂಥ ಬ್ರೆಡ್ಡನ್ನು ಬಂದ ನೆಂಟರ ಮುಂದೆ ಸಿಹಿ ಎಂದು ಇಡುವುದು ಹೇಗೆ ಅಂತ ನಿಮಗೂ ಅನ್ನಿಸಬಹುದು. ಆದರೆ ಒಳಗೆ ಹೂರಣ ತುಂಬಿದ ಫ್ರೆಂಚ್ ಟೋಸ್ಟನ್ನು ಒಮ್ಮೆ ಸರಿಯಾಗಿ ಮಾಡಿ ಕೊಟ್ಟರೆ ಆ ಅಜ್ಜಿಯೇ ಇನ್ನೊಂದು ಕೇಳುತ್ತಾರೆ. "ಸರಿಯಾಗಿ" ಅನ್ನುವಲ್ಲೇ ಇರುವುದು ವಿಷಯ. ಯಾಕೆಂದರೆ ಹತ್ತರಲ್ಲಿ ಎಂಟು ಮನೆಗಳಲ್ಲಿ ಇದು ಹೊರಗೆ ಸೀದು, ಒಳಗೆ ಹಸಿ ಹಿಟ್ಟಿನಂತೆ ಮುದ್ದೆಯಾಗಿ ತಟ್ಟೆಗೆ ಬರುತ್ತದೆ.

ಹೆಸರಿಗೆ ಫ್ರೆಂಚ್ ಆದರೂ ಇದು ಉಳಿಕೆ ಬ್ರೆಡ್ಡಿನ ಅಡುಗೆ. ಫ್ರಾನ್ಸಿನಲ್ಲಿ ಇದಕ್ಕೆ 'ಕಳೆದುಹೋದ ಬ್ರೆಡ್' ಎಂಬ ಅರ್ಥದ ಹೆಸರೇ ಇದೆ. ಒಣಗಿ ಗಟ್ಟಿಯಾಗಿ ಇನ್ನೇನು ಎಸೆಯಬೇಕು ಎನ್ನುವ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಬಾಡಿಸಿ ಉಳಿಸಿಕೊಳ್ಳುವುದು. ಹೈದರಾಬಾದಿನ ಡಬಲ್ ಕಾ ಮೀಠಾ ಕೂಡ ಬ್ರೆಡ್ಡಿನದ್ದೇ ಸಿಹಿ. ಹಾಗಾಗಿ ಹೊಸ ಮೆತ್ತನೆ ಬ್ರೆಡ್ ತರಲು ಅಂಗಡಿಗೆ ಓಡಬೇಡಿ. ನಿನ್ನೆಯದು, ಮೊನ್ನೆಯದು ಇದ್ದರೆ ಇನ್ನೂ ಒಳ್ಳೆಯದು.

ದೊಡ್ಡ ಹೋಟೆಲುಗಳಲ್ಲಿ ಇದರೊಳಗೆ ಚೀಸು, ಚಾಕೊಲೇಟು, ಸ್ಟ್ರಾಬೆರಿ ತುಂಬುತ್ತಾರೆ. ನಮಗೆ ಅವ್ಯಾವುದೂ ಬೇಡ. ನಾಗರಪಂಚಮಿಗೆ ಕೊಂಕಣಿ ಮನೆಗಳಲ್ಲಿ ಅರಿಶಿನ ಎಲೆಯ ಮೇಲೆ ಅಕ್ಕಿ ಹಿಟ್ಟು ಹಚ್ಚಿ, ನಡುವೆ ಕಾಯಿ-ಬೆಲ್ಲ ಇಟ್ಟು ಮಡಚಿ ಬೇಯಿಸುವ ಪಾತೋಳಿ ಗೊತ್ತಲ್ಲ? ಅದರೊಳಗಿನ ಚೂರ್ಣವೇ ಇದಕ್ಕೆ ಹೇಳಿ ಮಾಡಿಸಿದ್ದು. ಅಭಿಮಾನಕ್ಕೆ ಹೇಳುತ್ತಿಲ್ಲ, ಕಾರಣವಿದೆ. ಚಾಕೊಲೇಟು ಬಿಸಿಗೆ ಕರಗಿ ಕಾವಲಿಗೆ ಇಳಿದು ಸೀಯುತ್ತದೆ. ಗಟ್ಟಿಯಾಗಿ ಕಾಯಿಸಿದ ಕಾಯಿ-ಬೆಲ್ಲ ಇಟ್ಟಲ್ಲೇ ಕೂರುತ್ತದೆ.

ಬೇಕಾಗುವ ಸಾಮಗ್ರಿ (4 ಟೋಸ್ಟಿಗೆ): ಬ್ರೆಡ್ ಹೋಳು 8, ತೆಂಗಿನ ತುರಿ 1 ಕಪ್, ಪುಡಿ ಮಾಡಿದ ಬೆಲ್ಲ ಅರ್ಧ ಕಪ್, ಏಲಕ್ಕಿ 4, ಚೂರು ಮಾಡಿದ ಗೋಡಂಬಿ 1 ಚಮಚ, ಚಿಟಿಕೆ ಉಪ್ಪು, ಬೇಯಿಸಲು ತುಪ್ಪ. ಅದ್ದಲು: ಮೊಟ್ಟೆ ತಿನ್ನುವವರಿಗೆ 2 ಮೊಟ್ಟೆ ಮತ್ತು ಮುಕ್ಕಾಲು ಕಪ್ ಹಾಲು. ತಿನ್ನದವರಿಗೆ ಮುಕ್ಕಾಲು ಕಪ್ ದಪ್ಪ ತೆಂಗಿನ ಹಾಲು, 2 ದೊಡ್ಡ ಚಮಚ ಅಕ್ಕಿ ಹಿಟ್ಟು, 1 ದೊಡ್ಡ ಚಮಚ ಕಾರ್ನ್‌ಫ್ಲೋರ್.

ಮೊದಲು ಚೂರ್ಣ. ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ ಸೋಸಿಕೊಳ್ಳಿ. ಬೆಲ್ಲದ ಮರಳು ಹಲ್ಲಿಗೆ ಸಿಕ್ಕಿದರೆ ಮಾಡಿದ್ದೆಲ್ಲ ವ್ಯರ್ಥ! ಮತ್ತೆ ಒಲೆಗಿಟ್ಟು ತುರಿ, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಿ. ಏಳೆಂಟು ನಿಮಿಷಕ್ಕೆ ಅದು ಬಾಣಲೆಯ ಬದಿ ಬಿಟ್ಟು ಒಟ್ಟಾಗಿ ಬರುತ್ತದೆ. ಚಿಕ್ಕ ಉಂಡೆ ಮಾಡಿ ಬೆರಳಲ್ಲಿ ಒತ್ತಿ ನೋಡಿ. ಪಾಕ ಜಿನುಗಿದರೆ ಇನ್ನೂ ಎರಡು ನಿಮಿಷ ಬೇಕು. ಏಲಕ್ಕಿ, ಗೋಡಂಬಿ ಹಾಕಿ ಇಳಿಸಿ. ನಮ್ಮ ಕಡೆಯ ಜೋನಿ ಬೆಲ್ಲ ಎಷ್ಟೇ ರುಚಿಯಿದ್ದರೂ ಇದಕ್ಕೆ ಹಾಕಬೇಡಿ, ಅದು ಗಟ್ಟಿಯಾಗುವಷ್ಟರಲ್ಲಿ ಕಾಯಿ ಕಂದಿಹೋಗುತ್ತದೆ. ತಿನ್ನುವಾಗ ಟೋಸ್ಟಿನ ಮೇಲೆ ಒಂದು ಚಮಚ ಸುರಿದುಕೊಳ್ಳಿ, ಆಗ ಅದರ ಮಜಾ.

ಶ್ರಾವಣದ ಹೊತ್ತಾದರೆ ಒಂದು ಅರಿಶಿನ ಎಲೆಯನ್ನು ಗಂಟು ಕಟ್ಟಿ ಚೂರ್ಣದ ಜೊತೆಗೇ ಬಾಣಲೆಗೆ ಹಾಕಿ, ಇಳಿಸುವಾಗ ತೆಗೆದುಬಿಡಿ. ಬ್ರೆಡ್ಡಿಗೂ ಪಾತೋಳಿಯ ಪರಿಮಳ ಬರುತ್ತದೆ. ಹುಬ್ಬಳ್ಳಿ, ಬೆಂಗಳೂರಿನ ಫ್ಲ್ಯಾಟಿನಲ್ಲಿರುವವರು ಬೇಸಿಗೆಯ ಕೊನೆಗೆ ಕುಂಡದಲ್ಲೊಂದು ಅರಿಶಿನ ಗಡ್ಡೆ ಊರಿಡಿ, ಹಬ್ಬದ ಹೊತ್ತಿಗೆ ಎಲೆಗೆ ಬರಗಾಲವಿರುವುದಿಲ್ಲ. ಏಲಕ್ಕಿ ಸಾಕಾಯಿತು ಅನ್ನುವವರು ಎರಡು ಕಾಳುಮೆಣಸು ಕುಟ್ಟಿ ಹಾಕಿ ನೋಡಬಹುದು. 16ನೇ ಶತಮಾನದಲ್ಲಿ ಈ ಸೀಮೆಯನ್ನಾಳಿದ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆಯುತ್ತಿದ್ದರಂತೆ. ಅವಳ ಊರಿನ ಸಿಹಿಗೆ ಎರಡು ಕಾಳು ಮೆಣಸು ಹೆಚ್ಚೇನಲ್ಲ ಬಿಡಿ.

ಈಗ ಮುಖ್ಯ ವಿಷಯ, ನೀರು. ಟೋಸ್ಟ್ ಮುದ್ದೆಯಾಗುವುದು ಎಲ್ಲೋ ಒಂದು ಕಡೆ ನೀರು ಹೆಚ್ಚಾದದ್ದರಿಂದ. ಚೂರ್ಣ ಬಿಸಿಯಿದ್ದಾಗ ತುಂಬಿದರೆ ಅದರ ಹಬೆಯೇ ಬ್ರೆಡ್ಡನ್ನು ಒಳಗಿಂದ ನೆನೆಸುತ್ತದೆ. ಆದ್ದರಿಂದ ಪೂರ್ತಿ ಆರಲಿ. ಬ್ರೆಡ್ ಹೋಳುಗಳು ಹೊಸದಾಗಿದ್ದರೆ ಎಣ್ಣೆ ಹಾಕದ ಕಾವಲಿಯ ಮೇಲೆ ಎರಡೂ ಕಡೆ ಅರ್ಧರ್ಧ ನಿಮಿಷ ಬಾಡಿಸಿ, ಕೆಂಪಾಗುವುದು ಬೇಡ, ಒಣಗಿದರೆ ಸಾಕು. ಒಂದು ಹೋಳಿನ ಮೇಲೆ ಎರಡು ಚಮಚ ಚೂರ್ಣ ಹರಡಿ, ಸುತ್ತ ಅರ್ಧ ಬೆರಳಿನಷ್ಟು ಅಂಚು ಬಿಡಿ. ಅಂಚಿಗೆ ಅದ್ದುವ ಮಿಶ್ರಣವನ್ನೇ ಸವರಿ, ಇನ್ನೊಂದು ಹೋಳು ಮುಚ್ಚಿ, ಕರಿಗಡುಬಿಗೆ ಒತ್ತುವ ಹಾಗೆ ಬೆರಳಿಂದ ಒತ್ತಿ. ಕಂದು ಬದಿಯನ್ನು ಕತ್ತರಿಸಬೇಡಿ, ಟೋಸ್ಟನ್ನು ಹಿಡಿದಿಡುವುದೇ ಅದು.

ಅದ್ದುವುದಕ್ಕೆ ಅಗಲವಾದ ತಟ್ಟೆ ತೊಗೊಳ್ಳಿ. ಒಂದೊಂದು ಮಗ್ಗುಲಿಗೆ ಹತ್ತು ಎಣಿಸುವಷ್ಟು ಹೊತ್ತು ಸಾಕು. ಎತ್ತಿ ಒಂದು ಕ್ಷಣ ತೊಟ್ಟಿಕ್ಕಲು ಬಿಟ್ಟು ಕಾವಲಿಗೆ ಹಾಕಿ. ಅಕ್ಕಿ ಹಿಟ್ಟಿನ ಮಿಶ್ರಣವಾದರೆ ಪ್ರತಿ ಸಲವೂ ಕಲಕಬೇಕು, ಹಿಟ್ಟು ತಳಕ್ಕೆ ಕೂತುಬಿಡುತ್ತದೆ. ದಪ್ಪ ದೋಸೆ ಕಾವಲಿ, ಮಧ್ಯಮಕ್ಕಿಂತ ಕಡಿಮೆ ಉರಿ, ಒಂದು ಚಮಚ ತುಪ್ಪ. ಒಂದೊಂದು ಕಡೆಗೆ ಮೂರರಿಂದ ನಾಲ್ಕು ನಿಮಿಷ. ಆಮೇಲೆ ಇಕ್ಕಳದಲ್ಲಿ ಹಿಡಿದು ನಾಲ್ಕೂ ಅಂಚುಗಳನ್ನು ಕಾವಲಿಗೆ ತಾಗಿಸಿ ಬೇಯಿಸಿ. ಮೊಟ್ಟೆ ಹಾಕಿದ್ದರೆ ಈ ಅಂಚಿನ ಕೆಲಸ ತಪ್ಪಿಸಲೇಬಾರದು. ಹಸಿ ಮೊಟ್ಟೆ ಉಳಿಯುವುದೇ ಅಲ್ಲಿ, ಚಿಕ್ಕ ಮಕ್ಕಳಿಗೂ ಬಸುರಿಯರಿಗೂ ಅದು ಒಳ್ಳೆಯದಲ್ಲ. ಉರಿ ಜೋರು ಮಾಡಿ ಬೇಗ ಮುಗಿಸೋಣ ಅಂದರೆ ಹಾಲು, ಬೆಲ್ಲ ಎರಡೂ ಸೀಯುತ್ತವೆ, ಒಳಗೆ ಮಾತ್ರ ತಣ್ಣಗಿರುತ್ತದೆ.

ಮೊಟ್ಟೆಯ ಮಾತು ಬಂದಿದ್ದರಿಂದ ಇನ್ನೊಂದು ಹೇಳಬೇಕು. ಈ ಮೂರೂ ಪೇಟೆಗಳಲ್ಲಿ ಒಂದೇ ಓಣಿಯಲ್ಲಿ ನವಾಯತರು, ಕೊಂಕಣಿಗರು, ಹವ್ಯಕರು, ನಾಮಧಾರಿಗಳು ಇರುತ್ತಾರೆ. ಯಾರ ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಅಕ್ಕಪಕ್ಕದವರಿಗೆ ಗೊತ್ತಿರುತ್ತದೆ. ನಗರದ ಅಪಾರ್ಟ್‌ಮೆಂಟಿನಲ್ಲಿ ಅದು ಗೊತ್ತಿರುವುದಿಲ್ಲ. ನೋಡಲು ಎರಡು ಬಗೆಯ ಟೋಸ್ಟೂ ಒಂದೇ. "ಏನೂ ಆಗಲ್ಲ, ವಾಸನೆಯೇ ಬರಲ್ಲ" ಎಂದು ಮೊಟ್ಟೆಯದನ್ನು ಸುಮ್ಮನೆ ಬಡಿಸುವವರಿದ್ದಾರೆ. ನನ್ನ ಪ್ರಕಾರ ಇದು ಖಂಡಿತಾ ತಪ್ಪು. ಒಬ್ಬರ ವ್ರತ, ಒಬ್ಬರ ನಂಬಿಕೆ, ಇನ್ನು ಕೆಲವರಿಗೆ ಮೊಟ್ಟೆಯ ಅಲರ್ಜಿ. ಮೊದಲೇ ಕೇಳಿ. ಇಬ್ಬರಿಗೂ ಮಾಡುವುದಾದರೆ ತೆಂಗಿನ ಹಾಲಿನದ್ದನ್ನು ಮೊದಲು, ಬೇರೆ ತಟ್ಟೆ, ಬೇರೆ ಸಟ್ಟುಗದಲ್ಲಿ ಮುಗಿಸಿಬಿಡಿ. ವೆನಿಲ್ಲಾ ಎಸೆನ್ಸೂ ಬೇಡ. ಕೆಲವು ಎಸೆನ್ಸುಗಳಲ್ಲಿ ಆಲ್ಕೊಹಾಲ್ ಇರುತ್ತದೆ, ಮುಸ್ಲಿಂ ಗೆಳತಿಯರು ಬಂದಾಗ ಅನುಮಾನಕ್ಕೆ ಎಡೆಯೇಕೆ? ಏಲಕ್ಕಿ ಇರುವಾಗ ಅದರ ಅಗತ್ಯವೂ ಇಲ್ಲ. ನಿಜ ಹೇಳಬೇಕೆಂದರೆ ನನಗೆ ತೆಂಗಿನ ಹಾಲಿನ ಟೋಸ್ಟೇ ಹೆಚ್ಚು ಇಷ್ಟ. ಅಕ್ಕಿ ಹಿಟ್ಟಿನಿಂದ ಹೊರಮೈ ಗರಿಗರಿಯಾಗುತ್ತದೆ, ಒಳಗಿನ ಕಾಯಿಗೂ ಹೊರಗಿನ ಕಾಯಿ ಹಾಲಿಗೂ ಒಳ್ಳೆ ಜೋಡಿ.

ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಿ. ಜೂನ್ ಕಳೆಯಿತೆಂದರೆ ಕರಾವಳಿಯಲ್ಲಿ ಹೊರಗಿಟ್ಟ ಬ್ರೆಡ್ಡಿಗೆ ಎರಡು-ಮೂರು ದಿನದಲ್ಲೇ ಬೂಸ್ಟು. ಒಂದು ಹೋಳಿನ ಮೂಲೆಯಲ್ಲಿ ಹಸಿರು ಚುಕ್ಕೆ ಕಂಡರೆ ಅಷ್ಟನ್ನು ಕಿತ್ತು ಉಳಿದದ್ದನ್ನು ತುಪ್ಪದಲ್ಲಿ ಹುರಿದರಾಯಿತು ಎಂದುಕೊಳ್ಳಬೇಡಿ. ಬೂಸ್ಟಿನ ಎಳೆಗಳು ಮೆತ್ತನೆಯ ಬ್ರೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ. ಕೆಲವು ಬಗೆಯ ಬೂಸ್ಟಿನ ವಿಷ ಒಲೆಯ ಬಿಸಿಗೂ ಹೋಗುವುದಿಲ್ಲ. ಇಡೀ ಪ್ಯಾಕೆಟ್ ಎಸೆಯಿರಿ, ಮೂಸಿ ನೋಡುವುದೂ ಬೇಡ. ಹಣ ಹೋಯಿತು ಅನ್ನಿಸಿದರೂ ಮಕ್ಕಳ ಹೊಟ್ಟೆಯ ಮುಂದೆ ಅದೇನು ದೊಡ್ಡದಲ್ಲ. ಫ್ರಿಜ್ಜಿನಲ್ಲಿಟ್ಟ ಬ್ರೆಡ್ ಬೇಗ ಗಟ್ಟಿಯಾಗುತ್ತದೆ ಎಂಬ ದೂರು ಇದ್ದದ್ದೇ. ನಮಗೆ ಬೇಕಾದದ್ದೂ ಅದೇ ತಾನೆ? ಫ್ರೀಜರಿನಲ್ಲಿಟ್ಟರೆ ಇನ್ನೂ ನಿಶ್ಚಿಂತೆ.

ಕೊಳ್ಳುವಾಗ ಲೇಬಲ್ಲನ್ನೂ ಒಮ್ಮೆ ಓದಿ. 'ಬ್ರೌನ್ ಬ್ರೆಡ್' ಎಂದಿದ್ದ ಮಾತ್ರಕ್ಕೆ ಗೋಧಿ ಹಿಟ್ಟಿನದ್ದಾಗಬೇಕಿಲ್ಲ, ಸಾಮಗ್ರಿಗಳ ಪಟ್ಟಿಯಲ್ಲಿ ಮೈದಾ ಮೊದಲಿದ್ದು ಕೊನೆಯಲ್ಲಿ ಕ್ಯಾರಮೆಲ್ ಬಣ್ಣ ಇದ್ದರೆ ಅದು ಬಣ್ಣ ಹಾಕಿದ ಮೈದಾ ಬ್ರೆಡ್ಡೇ. ಬ್ರೆಡ್ಡಿಗೆ ಹಾಕುತ್ತಿದ್ದ ಪೊಟ್ಯಾಷಿಯಂ ಬ್ರೋಮೇಟನ್ನು ನಮ್ಮ ದೇಶದಲ್ಲಿ 2016ರಲ್ಲಿ ನಿಷೇಧಿಸಲಾಗಿದೆ.

ಬೆಲ್ಲ ಹಾಕಿದ್ದೇವಲ್ಲ, ಸಕ್ಕರೆ ಕಾಯಿಲೆಯವರೂ ತಿನ್ನಬಹುದು ಎಂದು ಅತ್ತೆ-ಮಾವನ ತಟ್ಟೆಗೆ ಹಾಕಿಬಿಡಬೇಡಿ. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲವೇನೂ ಹಿಂದೆ ಬಿದ್ದಿಲ್ಲ. ಮೇಲಿನ ಅಳತೆಯಲ್ಲಿ ಒಂದು ಟೋಸ್ಟಿಗೆ ಸುಮಾರು 20ರಿಂದ 25 ಗ್ರಾಂ ಬೆಲ್ಲ ಬೀಳುತ್ತದೆ, ಅಂದರೆ ಸುಮಾರು ಐದು ಚಿಕ್ಕ ಚಮಚ. ಇಡೀ ದಿನಕ್ಕೆ ಸೇರಿಸಿದ ಸಕ್ಕರೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಓರೆಯಾಗಿ ಕತ್ತರಿಸಿ ಅರ್ಧರ್ಧ ಕೊಡುವುದೇ ಸರಿ, ನೋಡಲೂ ಚೆಂದ. ಹಿರಿಯರಿಗಾಗಿ ಮಾಡುವಾಗ ಬೆಲ್ಲ ಅರ್ಧಕ್ಕಿಳಿಸಿ, ಗೋಡಂಬಿ ಮತ್ತು ಹುರಿದ ಎಳ್ಳು ಹೆಚ್ಚಿಸಬಹುದು. ಆದರೂ ಅದು ಸಿಹಿಯೇ, ಡಾಕ್ಟರು ಹೇಳಿದ ಮಿತಿಯಲ್ಲಿರಲಿ.

ಮೇ-ಜೂನಿನಲ್ಲಿ ಹಲಸಿನ ಹಣ್ಣು ಮನೆ ತುಂಬಿದಾಗ ತೊಳೆಗಳನ್ನು ಸಣ್ಣಗೆ ಹೆಚ್ಚಿ, ಸ್ವಲ್ಪವೇ ಬೆಲ್ಲ ಹಾಕಿ ಗಟ್ಟಿಯಾಗುವ ತನಕ ಬಾಡಿಸಿ ತುಂಬಿ. ಬಾಳೆಹಣ್ಣಾದರೆ ಚೆನ್ನಾಗಿ ಕಳಿತದ್ದನ್ನು ತುಪ್ಪದಲ್ಲಿ ನೀರಾರುವವರೆಗೆ ಹುರಿಯಲೇಬೇಕು, ಹಸಿಯಾಗಿ ಇಟ್ಟರೆ ಮತ್ತೆ ಅದೇ ಮುದ್ದೆ.

ಒಂದು ಕಡೆ ಇದು ಸೋಲುತ್ತದೆ, ಪ್ರಯಾಣದ ಬುತ್ತಿಯಾಗಿ. ಕೊಂಕಣ ರೈಲಿನಲ್ಲಿ ಮುಂಬಯಿಗೆ ಹೊರಟ ಮಗನಿಗೆ ಡಬ್ಬಿ ಕಟ್ಟಿಕೊಡುವ ಆಸೆಯಾಗುವುದು ಸಹಜ. ಆದರೆ ಹಸಿ ಕಾಯಿ, ಹಾಲು, ಮೊಟ್ಟೆ ಸೇರಿದ ತಿಂಡಿ ಸೆಖೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಹೊರಗಿರಬಾರದು. ಮಗನಿಗೆ ತೊಡದೇವು ಕಟ್ಟಿಕೊಡಿ, ಅದು ಒಣ ತಿಂಡಿ. ಟೋಸ್ಟಿಗೆ ಬೇಕಾದ ಚೂರ್ಣವನ್ನು ಮಾತ್ರ ಗಾಜಿನ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟುಕೊಂಡರೆ ಮೂರು ದಿನ ಚಿಂತೆಯಿಲ್ಲ. ಸಂಜೆ ನಾಲ್ಕಕ್ಕೆ ಗೇಟಿನ ಸದ್ದಾದರೆ ಒಂದು ಕಡೆ ಚಹಾಕ್ಕಿಟ್ಟು ಇನ್ನೊಂದು ಕಡೆ ಕಾವಲಿ ಇಡಿ, ಹದಿನೈದು ನಿಮಿಷದಲ್ಲಿ ಬಿಸಿಬಿಸಿ ಟೋಸ್ಟ್ ತಟ್ಟೆಗೆ ಬರುತ್ತದೆ.