ಎಲ್ಲ ಲಿಲಿಯೂ ಪಲ್ಯಕ್ಕಲ್ಲ

ಕಳೆದ ವರ್ಷ ಮೊದಲ ಮಳೆ ಬಿದ್ದ ವಾರದಲ್ಲಿ ತಾಯಿಯೊಬ್ಬರು ತಮ್ಮ ಅಂಗಳದ ಕೆಂಪು ಲಿಲಿ ಹೂಗಳನ್ನು ಚೀಲದಲ್ಲಿಟ್ಟುಕೊಂಡು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಲಿಲಿ ಹೂವಿನ ಪಲ್ಯ ಆರೋಗ್ಯಕ್ಕೆ ಒಳ್ಳೆಯದೆಂದು ಮಗಳು ಮೊಬೈಲಿಗೆ ಕಳಿಸಿದ್ದಾಳೆ, ಮಾಡಬಹುದೇ ಎಂಬುದು ಅವರ ಪ್ರಶ್ನೆ. ಗಿಡದ ಬುಡದಲ್ಲಿ ಏನಿದೆಯೆಂದು ಕೇಳಿದೆವು. "ಈರುಳ್ಳಿಯಂಥ ಗಡ್ಡೆ ಇದೆ, ಡಾಕ್ಟ್ರೇ" ಎಂದರು. ಹಾಗಾದರೆ ಬೇಡವೇ ಬೇಡ ಎಂದೆವು.

ಮಗಳು ಓದಿದ್ದು ಸುಳ್ಳಲ್ಲ. ಆದರೆ ಅದು ಬೇರೆ ಗಿಡದ ಮಾತು. ಡೇಲಿಲಿ ಎಂಬ ಈ ಗಿಡದ ತವರು ಪೂರ್ವ ಏಷ್ಯಾ. ಒಂದು ಹೂವು ಅರಳಿ ನಿಲ್ಲುವುದು ಒಂದೇ ದಿನವಾದ್ದರಿಂದ ಆ ಹೆಸರು. ಚೀನಾದವರು ಇದರ ಒಣಮೊಗ್ಗನ್ನು 'ಚಿನ್ನದ ಸೂಜಿ'ಯೆಂದೂ ಗಿಡವನ್ನು 'ದುಃಖ ಮರೆಸುವ ಗಿಡ'ವೆಂದೂ ಕರೆಯುತ್ತಾರೆ. ಅಲ್ಲಿ ಅದು ತಾಯಿಯ ಸಂಕೇತವೂ ಹೌದು. ಶಾನ್ಶಿ ಪ್ರಾಂತ್ಯದ ದಾತೋಂಗ್ ಸೀಮೆಯಲ್ಲಿ ರೈತರು ತಲೆಗೆ ದೀಪ ಕಟ್ಟಿಕೊಂಡು ನಸುಕಿನಲ್ಲಿಯೇ ಮೊಗ್ಗು ಬಿಡಿಸುತ್ತಾರೆ, ಅರಳಿದರೆ ಬೆಲೆಯಿಲ್ಲ. ಬಿಡಿಸಿದ್ದನ್ನು ಹಬೆಯಲ್ಲಿ ಬೇಯಿಸಿ ಬಿಸಿಲಿಗೆ ಒಣಗಿಸುತ್ತಾರೆ. ಬೌದ್ಧ ವಿಹಾರಗಳ ಸಸ್ಯಾಹಾರದಲ್ಲಿ ಇದಕ್ಕೆ ಹಳೆಯ ಸ್ಥಾನವುಂಟು.

ಹೂವನ್ನು ತಿನ್ನುವುದು ನಮಗೂ ಹೊಸತಲ್ಲ. ಭಾವಪ್ರಕಾಶ ನಿಘಂಟು ಶಾಕಗಳನ್ನು ಆರು ಬಗೆಯಾಗಿ ವಿಂಗಡಿಸುವಾಗ ಹೂವನ್ನೂ ಒಂದು ಬಗೆಯಾಗಿ ಎಣಿಸಿದೆ. ಬಾಳೆಯ ಹೂವು, ನುಗ್ಗೆಯ ಹೂವು ನಮ್ಮ ಅಡುಗೆಮನೆಯವೇ ಆಗಿವೆ.

ಗುರುತು ಹಿಡಿಯುವುದೇ ಇಲ್ಲಿ ಮುಖ್ಯ. ಎರಡೂ ಗಿಡಗಳಿಗೆ ಪಟ್ಟಿಯಂಥ ಉದ್ದನೆಯ ಎಲೆ, ಎಲೆಯಿಲ್ಲದ ಹೂದಂಟು. ಆದ್ದರಿಂದ ಮೇಲಿನ ನೋಟವನ್ನು ನಂಬಲಾಗದು. ಡೇಲಿಲಿಯ ದಂಟು ಗಟ್ಟಿ, ತುದಿಯಲ್ಲಿ ಕವಲೊಡೆಯುತ್ತದೆ. ಬುಡದಲ್ಲಿ ನಾರುಬೇರು, ಅಲ್ಲಲ್ಲಿ ಉಬ್ಬಿದ ಸಣ್ಣ ಗಡ್ಡೆಗಳು. ನಮ್ಮ ಅಂಗಳದ ಕೆಂಪು ಲಿಲಿಯ ದಂಟು ಟೊಳ್ಳು, ಬುಡದಲ್ಲಿ ಈರುಳ್ಳಿಯಂಥ ಗಡ್ಡೆ. ಅದು ವಾಂತಿ ತರಿಸುವ ವಿಷ. ಮಲೆನಾಡಿನವರು ಗೌರಿ ಹೂವೆನ್ನುವ ಅಗ್ನಿಶಿಖೆ ಇನ್ನೂ ಅಪಾಯಕಾರಿ. ಎಲೆಯ ತುದಿಯನ್ನೇ ಬಳ್ಳಿಕುಡಿಯಾಗಿಸಿಕೊಂಡು ಹಬ್ಬುವ ಈ ಲಾಂಗಲಿಯನ್ನು ನಮ್ಮ ಶಾಸ್ತ್ರ ಉಪವಿಷಗಳಲ್ಲಿ ಸೇರಿಸಿದೆ. ಗಡ್ಡೆ, ಬೀಜಗಳಲ್ಲಿರುವ ಕಾಲ್ಚಿಸಿನ್ ಪ್ರಾಣಕ್ಕೇ ಎರವಾಗಬಲ್ಲದು.

ನಿಜವಾದ ಡೇಲಿಲಿಯೆಂದು ಖಚಿತವಾದರೆ ಬೆಳೆಸುವುದು ಸುಲಭ. ಬಿಸಿಲು ಬೀಳುವ, ನೀರು ನಿಲ್ಲದ ಜಾಗದಲ್ಲಿ ಬುಡವನ್ನು ಸೀಳಿ ನೆಟ್ಟರೆ ಸಾಕು. ನರ್ಸರಿಯ ಗಿಡಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ಮೊದಲ ವರ್ಷದ ಹೂವನ್ನು ಕಣ್ಣಿಗಷ್ಟೇ ಬಿಡಿರಿ. ಹಸಿಮೊಗ್ಗನ್ನು ಹಾಗೆಯೇ ತಿನ್ನದೆ, ಕುದಿಸಿ ನೀರು ಚೆಲ್ಲಿ, ಆಮೇಲೆ ಒಗ್ಗರಣೆಗೆ ಹಾಕಬೇಕು. ಮೊದಲ ಸಲ ಎರಡು ಮೂರು ಮೊಗ್ಗು ಸಾಕು. ಸಾತ್ಮ್ಯವಾಗದ ಆಹಾರ ಎಷ್ಟೇ ಒಳ್ಳೆಯದಾದರೂ ಹೊಟ್ಟೆ ಕೆಡಿಸೀತು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡಬೇಡಿರಿ. ಮನೆಯಲ್ಲಿ ಬೆಕ್ಕಿದ್ದರೆ ಈ ಗಿಡವೇ ಬೇಡ, ಅದರ ಮೂತ್ರಪಿಂಡಕ್ಕೆ ಡೇಲಿಲಿ ವಿಷ.

ತಪ್ಪು ಗಿಡ ತಿಂದು ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿದರೆ ಮನೆಮದ್ದಿನಲ್ಲಿ ಹೊತ್ತು ಕಳೆಯಬೇಡಿರಿ. ನಮ್ಮಂಥವರ ಕಷಾಯವನ್ನೂ ಕಾಯಬೇಡಿರಿ. ಗಿಡದ ತುಂಡೊಂದನ್ನು ಕೈಯಲ್ಲಿ ಹಿಡಿದು ನೇರವಾಗಿ ದೊಡ್ಡಾಸ್ಪತ್ರೆಗೆ ಹೋಗಿರಿ.