ಕಾದಂಬರಿಯಲ್ಲಿ ದೇಶವಿಭಾಗ: ಕೂಳೂರಿನ ನೆಲದ ಒಂದು ನಿದರ್ಶನ

ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಹದಿನೇಳನೆಯ ಅಧ್ಯಾಯವನ್ನು ದೇಶವಿಭಾಗಕ್ಕೂ ಹದಿನೆಂಟನೆಯದನ್ನು ಕಾಲವಿಭಾಗಕ್ಕೂ ಮೀಸಲಾಗಿಟ್ಟಿದ್ದಾನೆ. ಕವಿಯಾಗತಕ್ಕವನಿಗೆ ಶಬ್ದಶಾಸ್ತ್ರ, ಛಂದಸ್ಸುಗಳ ಪರಿಚಯವೊಂದೇ ಸಾಲದು. ಯಾವ ದೇಶದಲ್ಲಿ ಯಾವ ನದಿ, ಯಾವ ಗಿರಿ, ಯಾವ ಋತುವಿನಲ್ಲಿ ಯಾವ ಗಾಳಿ, ಯಾವ ಹೂವು ಎಂಬುದೂ ತಿಳಿದಿರಬೇಕೆಂಬುದು ಅವನ ಆಶಯ. ಅವನ ಬಳಿಕ ಬಂದ ಕ್ಷೇಮೇಂದ್ರನು ಔಚಿತ್ಯದ ಪ್ರಭೇದಗಳಲ್ಲಿ ದೇಶೌಚಿತ್ಯ, ಕಾಲೌಚಿತ್ಯಗಳನ್ನು ಬೇರೆಬೇರೆಯಾಗಿ ಎಣಿಸಿದನು. ಆದರೆ ಕಾವ್ಯಕ್ಕೆ ಒಂದು ರಿಯಾಯಿತಿಯುಂಟು. ನೀರಿದ್ದಲ್ಲೆಲ್ಲ ಹಂಸಗಳನ್ನೂ, ನದಿಗಳಲ್ಲಿಯೂ ತಾವರೆಗಳನ್ನೂ ವರ್ಣಿಸಬಹುದೆಂದು ಕವಿಸಮಯವು ಒಪ್ಪಿಕೊಂಡಿದೆ. ಕಾದಂಬರಿಕಾರನಿಗೆ ಈ ರಿಯಾಯಿತಿಯಿಲ್ಲ. ಅವನ ಪಾತ್ರಗಳು ನಡೆಯುವುದು ನಿಜವಾದ ಮಣ್ಣಿನ ಮೇಲೆ. ಆ ಮಣ್ಣು ಸುಳ್ಳಾದರೆ ಅವರ ಸುಖದುಃಖಗಳೂ ಸುಳ್ಳಾಗಿ ತೋರುವುವು.

ಹಾಗಾದರೆ ಒಂದು ಸೀಮೆಯನ್ನು ಕಥಾಭೂಮಿಯಾಗಿ ಆರಿಸಿಕೊಂಡವನು ಅಲ್ಲಿಯ ನೆಲವನ್ನು ಅರಿಯುವ ಬಗೆ ಹೇಗೆ? ಈ ಪ್ರಶ್ನೆಗೆ ಕೂಳೂರನ್ನು ನಿದರ್ಶನವಾಗಿಟ್ಟುಕೊಂಡು ಉತ್ತರಿಸಲು ಯತ್ನಿಸುವೆನು. ಕೂಳೂರು ಈಗ ಮಂಗಳೂರು ನಗರಕ್ಕೆ ಸೇರಿದುದು; ಪೇಟೆಯ ನಡುವಿನಿಂದ ಉತ್ತರಕ್ಕೆ ಏಳೆಂಟು ಕಿಲೋಮೀಟರು. ಫಲ್ಗುಣಿಯೆಂದೂ ಹೆಸರುಳ್ಳ ಗುರುಪುರ ನದಿಯು ಘಟ್ಟದ ಕಡೆಯಿಂದ ಹರಿದುಬಂದು ಇಲ್ಲಿಯ ಮಗ್ಗುಲಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. ಕಡಲು ಹತ್ತಿರವೇ ಇದ್ದರೂ ಅದು ನೇರವಾಗಿ ಕಡಲನ್ನು ಸೇರುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಗಳ ಮರಳಿನ ಪಟ್ಟಿಯನ್ನು ಬಲಕ್ಕಿಟ್ಟುಕೊಂಡು ಹರಿದು, ನೇತ್ರಾವತಿಯನ್ನು ಕೂಡಿದ ಮೇಲೆಯೇ ಅಳಿವೆಯನ್ನು ಕಾಣುತ್ತದೆ. ಕಡಲು, ಮರಳು, ಹೊಳೆ, ಬೈಲು, ಮುರಕಲ್ಲಿನ ಪದವು ಎಂಬ ಐದು ಬಗೆಯ ನೆಲಗಳು ಇಲ್ಲಿ ಕಾಲ್ನಡಿಗೆಯ ಅಂತರದಲ್ಲಿವೆ.

ವಿಷಯವು ಸ್ಪಷ್ಟವಾಗಲು ಒಂದು ಕಥೆಯನ್ನು ಕಲ್ಪಿಸೋಣ. ಕಾಲವು ೧೯೨೫ರ ಆಟಿ ತಿಂಗಳು. ಹೊಳೆಯ ಆಚೆಯ ದಡದಲ್ಲಿ ಒಬ್ಬ ಚಾಲಗೇಣಿಯ ಒಕ್ಕಲು. ಗೇಣಿಯ ಬಾಕಿಗಾಗಿ ಧಣಿಯು ದಾವೆ ಹೂಡಿದ್ದಾನೆ. ನಾಳೆ ಬೆಳಗ್ಗೆ ಒಕ್ಕಲು ಮಂಗಳೂರಿನ ನ್ಯಾಯಾಲಯದಲ್ಲಿ ಹಾಜರಿರಬೇಕು. ಹಾಜರಾಗದಿದ್ದರೆ ತೀರ್ಪು ಅವನಿಗೆ ವಿರುದ್ಧವಾದೀತು. ಇಷ್ಟನ್ನು ಬರೆಯಹೊರಟವನು ನೆಲವನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದು, ನೆಲದ ಮಟ್ಟ. ‘ಗದ್ದೆ’ ಎಂಬ ಒಂದೇ ಮಾತು ಈ ಸೀಮೆಯಲ್ಲಿ ಏನನ್ನೂ ಹೇಳಿದಂತಾಗದು. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂದು ಮೂರು ಬೆಳೆಗಳನ್ನು ತೆಗೆಯಬಹುದು. ಅದಕ್ಕಿಂತ ಎತ್ತರದ್ದು ಮಜಲು, ಎರಡು ಬೆಳೆಯದು. ಇನ್ನೂ ಮೇಲಿನದು ಬೆಟ್ಟು. ಮಳೆಯನ್ನೇ ನಂಬಿದ ಒಂದು ಬೆಳೆಯದು. ನಮ್ಮ ಒಕ್ಕಲಿನ ಗದ್ದೆಯು ಬೆಟ್ಟು ಎಂದೊಡನೆ, ಗೇಣಿ ಬಾಕಿಯಾದುದೇಕೆಂಬುದನ್ನು ಬಲ್ಲ ವಾಚಕನಿಗೆ ಬೇರೆ ವಿವರಿಸಬೇಕಾಗಿಲ್ಲ. ಬೈಲಿನ ಒಡೆತನ ಯಾರದೆಂಬುದರಿಂದಲೇ ಊರಿನ ಸಿರಿಬಡತನಗಳ ಚಿತ್ರವು ಮೂಡುವುದು. ಬೆಟ್ಟಿಗೂ ಮೇಲೆ ಮುರಕಲ್ಲಿನ ಪದವು. ಈ ಕಲ್ಲಿಗೆ ಇಂದು ಲೋಕದ ಶಾಸ್ತ್ರಗ್ರಂಥಗಳಲ್ಲಿರುವ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟವನು ಬುಕನನ್. ನೆಲದೊಳಗಿರುವಾಗ ಕೊಡಲಿಯ ಏಟಿಗೆ ಒಪ್ಪಿಕೊಳ್ಳುವಷ್ಟು ಮೆದು. ಗಾಳಿ ತಾಗಿದ ಮೇಲೆ ಗೋಡೆಗೆ ತಕ್ಕಷ್ಟು ಗಟ್ಟಿ.

ಎರಡನೆಯದು, ನೀರಿನ ಹೊತ್ತು. ಕೂಳೂರಿನ ಬಳಿ ಹೊಳೆಯು ಕಡಲಿನ ಉಸಿರನ್ನು ಅನುಸರಿಸುತ್ತದೆ. ದಿನಕ್ಕೆರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನವೂ ಸುಮಾರು ಐವತ್ತು ನಿಮಿಷಗಳಷ್ಟು ತಡ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವು ದೊಡ್ಡದು, ಅಷ್ಟಮಿಯ ಸುತ್ತ ಚಿಕ್ಕದು. ಆದಕಾರಣ ‘ಅದು ಹುಣ್ಣಿಮೆಯ ರಾತ್ರಿ’ ಎಂದು ಬರೆದವನು ಬೆಳದಿಂಗಳನ್ನು ಮಾತ್ರವೇ ಅಲ್ಲ, ನೀರಿನ ಮಟ್ಟವನ್ನೂ ಹೇಳಿದಂತಾಯಿತು. ಪಂಚಾಂಗವನ್ನು ಬಲ್ಲವನಿಗೆ ಇದು ಕಷ್ಟವಲ್ಲ. ತಿಥಿಯನ್ನು ನಿಶ್ಚಯಿಸಿದ ಮೇಲೆ ಹೊಳೆಯು ಲೇಖಕನ ಇಚ್ಛೆಯಂತೆ ಏರಿಳಿಯಲಾರದು. ಬೇಸಗೆಯಲ್ಲಿ ಉಪ್ಪುನೀರು ಮೇಲಕ್ಕೆ ಏರಿಬರುವ ಈ ದಡದಲ್ಲಿ ತಾವರೆಯನ್ನು ಅರಳಿಸುವಂತಿಲ್ಲ. ಇಲ್ಲಿಯದು ಕಾಂಡ್ಲದ ಗಿಡ.

ಮೂರನೆಯದು, ಋತು. ಮಂಗಳೂರಿನ ಸೀಮೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ; ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವುದು. ಆಟಿಯೆಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಆಗ ಕಣಜವು ಬರಿದು, ಕಡಲು ಮುಚ್ಚಿದ್ದು, ಹೊಳೆ ಕೆಂಪು. ಘಟ್ಟದಲ್ಲಿ ಸುರಿದ ಮಳೆಯ ನೀರು ಇಳಿದುಬರುವ ಹೊತ್ತಿಗೆ ಅಳಿವೆಯಲ್ಲಿ ಉಬ್ಬರವೂ ಸೇರಿದರೆ ತಗ್ಗಿನ ಬೈಲುಗಳಿಗೆ ನೀರು ನುಗ್ಗುವುದು. ನಮ್ಮ ಒಕ್ಕಲು ಕಡವಿಗೆ ಬಂದಾಗ ಅಂಬಿಗನು ದೋಣಿ ಬಿಡಲು ಒಪ್ಪದಿದ್ದರೆ ಅದು ಅಂಬಿಗನ ಕ್ರೌರ್ಯವಲ್ಲ.

ನಾಲ್ಕನೆಯದು, ಕಾಲದ ಪದರ. ಇಂದು ಕೂಳೂರಿಗೆ ಹೋದವನ ಕಣ್ಣಿಗೆ ಮೊದಲು ಬೀಳುವುದು ಹೆದ್ದಾರಿ ಮತ್ತು ಸೇತುವೆ. ಆದರೆ ಕಮಾನುಗಳ ಹಳೆಯ ಸೇತುವೆಯೇ ೧೯೫೦ರ ಬಳಿಕದ್ದು. ಅದಕ್ಕೆ ಮೊದಲು ಉಡುಪಿಯ ಕಡೆಯಿಂದ ಬರುವವರಿಗೆ ಇಲ್ಲಿ ದೋಣಿಯೇ ಗತಿ. ಇದಕ್ಕೆ ಸಾಕ್ಷಿಯು ನಗರದೊಳಗೇ ಇದೆ: ಚಿಲಿಂಬಿಯ ಕಡೆಯ ರಸ್ತೆಗೆ ಇಂದಿಗೂ ‘ಕೂಳೂರು ಫೆರಿ ರಸ್ತೆ’ ಎಂದೇ ಹೆಸರು. ದೋಣಿ ಹೋದರೂ ಹೆಸರು ಉಳಿಯಿತು. ಹೊಳೆಯಾಚೆಯ ಪಣಂಬೂರಿನಲ್ಲಿ ೧೯೬೨ರಲ್ಲಿ ಬಂದರಿನ ಕೆಲಸವು ಮೊದಲಾಯಿತು. ೧೯೭೫ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. ೧೯೭೬ರಲ್ಲಿ ರಸಗೊಬ್ಬರದ ಕಾರ್ಖಾನೆಯೂ ಉತ್ಪಾದನೆಗೆ ತೊಡಗಿತು. ೧೯೨೫ರ ಕಥೆಯಲ್ಲಿ ಇವಾವುವೂ ಇರಕೂಡದು. ಆಗ ಈ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಕನ್ನಡ ರಾಜ್ಯವನ್ನು ಕೂಡಿದ್ದು ೧೯೫೬ರಲ್ಲಿ.

ಈ ನಾಲ್ಕಕ್ಕೂ ಉತ್ತರ ಎಲ್ಲಿ ಸಿಗುವುದು? ಬುಕನನ್ನನು ೧೮೦೧ರಲ್ಲಿ ತುಳುನಾಡಿನಲ್ಲಿ ಸಂಚರಿಸಿ ಬರೆದ ವೃತ್ತಾಂತವು ೧೮೦೭ರಲ್ಲಿ ಅಚ್ಚಾಯಿತು. ಸ್ಟರಾಕನ ದಕ್ಷಿಣ ಕನ್ನಡ ಜಿಲ್ಲೆಯ ಕೈಪಿಡಿಯು ೧೮೯೪ರದು. ಇವು ಉಪಯುಕ್ತವೇ. ಆದರೆ ಇವು ಆಳುವವರ ಕಣ್ಣಿನಿಂದ, ಕಂದಾಯದ ದೃಷ್ಟಿಯಿಂದ ಕಂಡವು ಎಂಬುದನ್ನು ಮರೆಯಬಾರದು. ಗ್ರಾಮದ ನಕ್ಷೆಯು ಗದ್ದೆಯ ಅಂಕಿಯನ್ನು ಹೇಳುವುದು, ಹೆಸರನ್ನಲ್ಲ. ಹೆಸರು ಉಳಿದಿರುವುದು ಉತ್ತವರ ಬಾಯಲ್ಲಿ. ಬಂದರಿಗಾಗಿ ನೆಲ ಬಿಟ್ಟ ಅನೇಕ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳ ಕಡೆಗೆ ಹೋಗಿ ನೆಲೆಸಿದುವು. ಪಣಂಬೂರಿನ ಹಳೆಯ ಬೈಲುಗಳನ್ನು ಅರಿಯಬೇಕಾದವನು ಈಗಿನ ಬಂದರಿನ ಗೋಡೆಯನ್ನು ನೋಡಿ ಪ್ರಯೋಜನವಿಲ್ಲ; ಆ ಮನೆಗಳ ಹಿರಿಯರ ಬಳಿ ಕುಳಿತು, ‘ಅಜ್ಜಾ, ನಿಮ್ಮ ಗದ್ದೆಗೆ ಏನೆಂದು ಕರೆಯುತ್ತಿದ್ದಿರಿ? ನೀರು ಎಲ್ಲಿಂದ ಬರುತ್ತಿತ್ತು?’ ಎಂದು ಕೇಳಬೇಕು. ಅವರು ತುಳುವಿನಲ್ಲಿ ಹೇಳಿದುದನ್ನು ತುಳುವಿನಲ್ಲಿಯೇ ಬರೆದುಕೊಳ್ಳಬೇಕು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆಯೂ ನಕ್ಷೆಯೊಡನೆಯೂ ತಾಳೆ ನೋಡಬೇಕು.

ನಮ್ಮ ಭಾಷೆಯಲ್ಲಿ ಎರಡು ಮಾರ್ಗಗಳಿಗೂ ಪೂರ್ವನಿದರ್ಶನಗಳುಂಟು. ೧೮೯೯ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯು ಕಮಲಪುರವೆಂಬ ಕಲ್ಪಿತ ನಗರವನ್ನು ಆಶ್ರಯಿಸಿತು. ಸಮಾಜದ ದೋಷಗಳನ್ನು ಎತ್ತಿಹೇಳುವವರಿಗೆ ಕಲ್ಪಿತನಾಮವು ರಕ್ಷೆಯೂ ಆಗುವುದು. ಶಿವರಾಮ ಕಾರಂತರಾದರೋ ನೆಲವನ್ನೇ ಕಥೆಯ ಕಾರಣವಾಗಿ ಮಾಡಿದರು. ೧೯೪೩ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಕಾಡಿನಲ್ಲಿ ದಾರಿ ತಪ್ಪುವುದರಿಂದಲೇ ಕಥೆಯು ಹುಟ್ಟುವುದು, ‘ಮರಳಿ ಮಣ್ಣಿಗೆ’ಯಲ್ಲಿ ಹೊಳೆಗೂ ಕಡಲಿಗೂ ನಡುವಣ ಇಕ್ಕಟ್ಟಿನ ನೆಲವು ಮೂರು ತಲೆಮಾರುಗಳ ಬಾಳನ್ನು ಹಿಡಿದಿರುವುದು. ಆ ನೆಲಗಳನ್ನು ಬದಲಿಸಿದರೆ ಆ ಕಥೆಗಳೇ ನಿಲ್ಲವು. ದೇಶೌಚಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯು ನನಗೆ ತೋರದು.

ಸಂಗ್ರಹಿಸಿದುದನ್ನೆಲ್ಲ ಗ್ರಂಥದಲ್ಲಿ ತುಂಬಬೇಕೆಂದು ಇದರ ಅರ್ಥವಲ್ಲ. ಉಬ್ಬರವಿಳಿತದ ಗಣಿತವು ವಾಚಕನಿಗೆ ಬೇಡ. ಒಕ್ಕಲು ಕಡವಿನಲ್ಲಿ ನಿಂತು ನೀರನ್ನು ನೋಡಿದ ಒಂದು ನೋಟವು ಸಾಕು. ಆದರೆ ಆ ನೋಟವು ಸರಿಯಾಗಿರಬೇಕಾದರೆ ಬರೆಯುವವನಿಗೆ ಗಣಿತವು ಗೊತ್ತಿರಬೇಕು. ಬೈಲಿನ ಹೆಸರನ್ನು ಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿರುವಾಗ ಈ ಕೆಲಸಕ್ಕೆ ಇನ್ನೊಂದು ಹೊಣೆಯೂ ಸೇರಿದೆ. ಮುಚ್ಚಿಹೋದ ಗದ್ದೆಗೆ ಶಾಸನವಿಲ್ಲ; ಅದರ ಹೆಸರು ಒಂದು ಕಾದಂಬರಿಯ ಪುಟದಲ್ಲಿ ಸರಿಯಾಗಿ ಉಳಿದರೆ ಅದೇ ಅದರ ಶಾಸನ. ತಪ್ಪಾಗಿ ಉಳಿದರೆ, ತಿದ್ದುವುದಕ್ಕೆ ಮುಂದೆ ಯಾರೂ ಇರಲಾರರು.