ಉಚ್ಚಾರಣೆ ಯೋಗ್ಯತೆಯ ಅಳತೆಗೋಲಲ್ಲ

ವ್ಯಕ್ತಿಯೊಬ್ಬನು ಏನನ್ನು ಹೇಳುತ್ತಾನೆ ಎಂಬುದನ್ನು ಬಿಟ್ಟು, ಅದನ್ನು ಯಾವ ಧಾಟಿಯಲ್ಲಿ ಉಚ್ಚರಿಸುತ್ತಾನೆ ಎಂಬುದರಿಂದಲೇ ಅವನ ಯೋಗ್ಯತೆಯನ್ನು ನಿರ್ಣಯಿಸುವ ದುರಭ್ಯಾಸ ಆಂಗ್ಲ ಭಾಷೆಯ ತವರಿನಲ್ಲಿಯೇ ಆಳವಾಗಿ ಬೇರೂರಿದೆ. ಅಲ್ಲಿ 'ಶಿಷ್ಟ'ವೆನಿಸಿಕೊಂಡ ಉಚ್ಚಾರಣೆಯು ದುಬಾರಿ ವಸತಿ ಶಾಲೆಗಳಲ್ಲಿ ಕಲಿತ ವರ್ಗಕ್ಕೆ ಸೇರಿದ್ದು. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರ ತಮ್ಮ ಉಚ್ಚಾರಣಾ ನಿಘಂಟಿಗೆ ಇದನ್ನೇ ಆಧಾರವಾಗಿಟ್ಟುಕೊಂಡರು. ಬಿಬಿಸಿ ಬಾನುಲಿ ಅದನ್ನು ಮನೆಮನೆಗೆ ಮುಟ್ಟಿಸಿತು. 1941ರಲ್ಲಿ ಯಾರ್ಕ್‌ಷೈರಿನ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಸೀಮೆಯ ಧಾಟಿಯಲ್ಲಿ ವಾರ್ತೆ ಓದಿದಾಗ, ಇಂಥ ವಾರ್ತೆಯನ್ನು ನಂಬುವುದು ಕಷ್ಟವೆಂದು ಕೇಳುಗರಲ್ಲಿ ಕೆಲವರು ದೂರಿದರು. ಆದರೆ ಬ್ರಿಟನ್ನಿನಲ್ಲಿ ಶಿಷ್ಟ ಉಚ್ಚಾರಣೆಯುಳ್ಳವರು ಸುಮಾರು ಶೇಕಡಾ 3 ಮಂದಿ ಮಾತ್ರವೆಂದು ಭಾಷಾವಿಜ್ಞಾನಿ ಪೀಟರ್ ಟ್ರಡ್ಗಿಲ್ 1974ರಲ್ಲಿ ಅಂದಾಜಿಸಿದರು.

ಈ ಪ್ರತಿಷ್ಠೆ ಧ್ವನಿಯಲ್ಲಿಯೇ ಅಡಗಿದೆಯೇ? ಇಲ್ಲವೆನ್ನಲು ಒಂದು 'ರ'ಕಾರ ಸಾಕು. ಇಂಗ್ಲೆಂಡಿನ ಶಿಷ್ಟರು 'ಕಾರ್' ಪದದ ಕೊನೆಯ 'ರ್' ಅನ್ನು ನುಂಗುತ್ತಾರೆ. ನ್ಯೂಯಾರ್ಕಿನಲ್ಲಿ ಇದು ತಿರುಗುಮುರುಗು. 1962ರಲ್ಲಿ ವಿಲಿಯಂ ಲೆಬಾವ್ ಅಲ್ಲಿನ ಮೂರು ದರ್ಜೆಯ ಮಳಿಗೆಗಳಿಗೆ ಹೋಗಿ, 'ಫೋರ್ತ್ ಫ್ಲೋರ್' ಎಂಬ ಉತ್ತರವೇ ಬರುವಂತೆ ಪ್ರಶ್ನೆ ಕೇಳಿದರು. ಮಳಿಗೆ ದುಬಾರಿಯಾದಷ್ಟೂ ನೌಕರರ ಬಾಯಲ್ಲಿ 'ರ'ಕಾರ ಹೆಚ್ಚು ಕೇಳಿಸಿತು! ಒಂದೆಡೆ ಗೌರವ ತರುವುದು ಇನ್ನೊಂದೆಡೆ ಕೀಳೆನಿಸುವುದಾದರೆ, ಮೇಲು-ಕೀಳು ಇರುವುದು ಕೇಳುವವರ ಮನಸ್ಸಿನಲ್ಲಿ.

1970ರ ದಶಕದಲ್ಲಿ ಹವರ್ಡ್ ಜೈಲ್ಸ್ ಒಬ್ಬನೇ ವ್ಯಕ್ತಿಯಿಂದ ಬೇರೆ ಬೇರೆ ಧಾಟಿಗಳಲ್ಲಿ ಮಾತನಾಡಿಸಿ, ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ಶಿಷ್ಟ ಧಾಟಿಯವನನ್ನು ಬುದ್ಧಿವಂತನೆಂದೂ ಪ್ರಾದೇಶಿಕ ಧಾಟಿಯವನನ್ನು ಪ್ರಾಮಾಣಿಕ, ಸ್ನೇಹಶೀಲನೆಂದೂ ಜನ ಬಗೆದರು. ಇಬ್ಬರೂ ಒಬ್ಬನೇ ಎಂಬುದನ್ನು ಅವರು ಅರಿಯರು!

2004ರಲ್ಲಿ ಬಿಬಿಸಿ ನಡೆಸಿದ ಸಮೀಕ್ಷೆಯಲ್ಲಿ 5,000ಕ್ಕೂ ಹೆಚ್ಚು ಜನರು 34 ಧಾಟಿಗಳಿಗೆ ಅಂಕ ನೀಡಿದರು. ಪ್ರತಿಷ್ಠೆಯಲ್ಲಿ 'ರಾಣಿಯ ಇಂಗ್ಲಿಷ್' ಮೇಲಿತ್ತು. ಬರ್ಮಿಂಗ್‌ಹ್ಯಾಮಿನ ಧಾಟಿ ಮತ್ತು ಏಷ್ಯನ್ನರ ಧಾಟಿ ತಳದಲ್ಲಿದ್ದವು. ಆದರೆ ಕಿರಿಯರು ಹಿರಿಯರಷ್ಟು ಕಟುವಾಗಿ ಅಳೆಯಲಿಲ್ಲವೆಂಬುದು ಸಮಾಧಾನದ ಸಂಗತಿ.

ನಮ್ಮ ಮನೆಗಳ ಮಕ್ಕಳೂ ಆಂಗ್ಲ ಮಾಧ್ಯಮದಲ್ಲಿ ಓದುತ್ತಿದ್ದಾರೆ. ನಾಳೆ ಸಂದರ್ಶನಗಳನ್ನು ಎದುರಿಸಲಿದ್ದಾರೆ. ಸ್ಪಷ್ಟವಾಗಿ, ಕೇಳುವವರಿಗೆ ಅರ್ಥವಾಗುವಂತೆ ಮಾತನಾಡಲು ಅವರಿಗೆ ಅವಶ್ಯ ಕಲಿಸೋಣ. ಆದರೆ ತಾಯ್ನುಡಿಯ ಛಾಯೆಯುಳ್ಳ ಮಗುವಿನ ಇಂಗ್ಲಿಷನ್ನು ಕೇಳಿ ನಕ್ಕು, ಅದರ ಬಾಯಿ ಕಟ್ಟದಿರೋಣ. ಉಚ್ಚಾರಣೆಯು ಮನುಷ್ಯ ಎಲ್ಲಿಂದ ಬಂದನೆಂಬುದನ್ನು ಸೂಚಿಸಬಹುದು, ಅವನ ಯೋಗ್ಯತೆಯನ್ನಲ್ಲ.